ಇಲ್ಲದ ಬೆಕ್ಕಿನ ವಿಚಾರಣೆ

ಭಾಲ್ಕಿ, ಶನಿವಾರ

ಮಾನ್ಯ ಪ್ರಾಚಾರ್ಯರೇ,

ತರಗತಿಯಲ್ಲಿ ಬೆಕ್ಕಿಗೆ ವಿಷ ಹಾಕಿದ್ದಕ್ಕೆ ಕ್ಷಮಾಪಣೆ ಬರೆಯಬೇಕೆಂಬ ನಿಮ್ಮ ನೋಟಿಸು ತಲುಪಿತು. ಬೆಕ್ಕೇ ಇರಲಿಲ್ಲ, ಸಾಹೇಬರೇ! ಮುಚ್ಚಿದ ಪೆಟ್ಟಿಗೆಯಲ್ಲಿ ಬೆಕ್ಕು, ವಿಷದ ಶೀಶೆ, ಒಂದು ಪರಮಾಣು ಇವೆಯೆಂದು ಊಹಿಸಿರಿ ಎಂದು ವಿದ್ಯಾರ್ಥಿಗಳಿಗೆ ಹೇಳಿದೆ. ಪರಮಾಣು ಸಿಡಿದರೆ ಶೀಶೆ ಒಡೆದು ಬೆಕ್ಕು ಸಾಯುತ್ತದೆ, ಸಿಡಿಯದಿದ್ದರೆ ಬದುಕುತ್ತದೆ. ತೆರೆದು ನೋಡುವತನಕ ಗಣಿತದ ಪ್ರಕಾರ ಅದು ಸತ್ತೂ ಇದೆ, ಬದುಕಿಯೂ ಇದೆ. ಶ್ರೋಡಿಂಗರ್ ಎಂಬ ವಿಜ್ಞಾನಿ ಮನಸ್ಸಿನಲ್ಲೇ ಮಾಡಿದ ಪ್ರಯೋಗವಿದು.

ದೂರು ಕೊಟ್ಟ ವೈಜಿನಾಥ ಅವರು ನಿನ್ನೆ ಔರಾದದಿಂದ ಬಂದು ಪ್ರಯೋಗಾಲಯದ ಕಪಾಟುಗಳನ್ನೆಲ್ಲ ತೆರೆಸಿದರು. "ಬೆಕ್ಕ ಇಲ್ಲಂದ್ರ ನನ್ನ ಮಗಳು ಹಾಸ್ಟೆಲಿನಾಗ ಎರಡು ದಿನ ಊಟ ಬಿಟ್ಟು ಯಾಕ ಕುಂತಾಳ್ರಿ?" ಎಂದು ಕೂಗಾಡಿದರು. ಅವರ ಮಗಳು ಸಿದ್ದೇಶ್ವರಿಯನ್ನೇ ಕರೆಸಿದೆ.

"ಬೆಕ್ಕಿನ ದುಃಖಕ್ಕಲ್ರಿ ಸರ್. ನಾವು ನೋಡದಿದ್ರೂ ಒಳಗಿನ ಬೆಕ್ಕಿಗಿ ತಾನು ಬದುಕೀನಿ ಅಂತ ಗೊತ್ತಿರ್ತದಲ್ರಿ? ಅದು ನೋಡಿದ್ದು ಯಾಕ ಲೆಕ್ಕಕ್ಕಿಲ್ಲ? ಅದೇ ವಿಚಾರ ಮಾಡ್ಲಿಕತ್ತೀನಿ, ಊಟದ ನೆನಪೇ ಆಗಲಿಲ್ರಿ."

ಇಪ್ಪತ್ತೊಂದು ವರ್ಷ ಈ ಪಾಠ ಮಾಡಿದ್ದೇನೆ. ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ನನಗೂ ಹೊಳೆದಿರಲಿಲ್ಲ.

ಆದರೂ ತಂದೆ, ಮಗಳನ್ನು ಕಲಾ ವಿಭಾಗಕ್ಕೆ ಹಾಕಿರೆಂಬ ಅರ್ಜಿಯನ್ನು ನಿಮ್ಮ ಮೇಜಿನ ಮೇಲಿಟ್ಟು ಹೋಗಿದ್ದಾರೆ.

ಕ್ಷಮಾಪಣೆ ಬರೆದು ಲಗತ್ತಿಸಿದ್ದೇನೆ. ಬೇಕಾದರೆ ನೋಟಿಸು ಬೋರ್ಡಿಗೂ ಅಂಟಿಸಿರಿ. ಆ ಅರ್ಜಿಗೆ ಮಾತ್ರ ದಯವಿಟ್ಟು ಸಹಿ ಹಾಕಬೇಡಿರಿ. ಅದರ ಉತ್ತರ ಕೇಳಲು ಸೋಮವಾರ ವೈಜಿನಾಥ ಅವರು ಬಂದಾಗ ನೇರವಾಗಿ ನನ್ನ ತರಗತಿಗೆ ಕಳಿಸಿರಿ. ಅಂದು ಪಾಠ ಮಾಡುವವಳು ಅವರ ಮಗಳು.

ತಮ್ಮ ವಿಧೇಯ,
ಕುತುಬೋದ್ದೀನ
ಭೌತಶಾಸ್ತ್ರ ಉಪನ್ಯಾಸಕ