ಸೇತುವೆಯ ಬಗ್ಗೆ ಎರಡು ಸಾಲು

ಶುಕ್ರವಾರ, ಮಾರ್ಚ್ ೧೪

ಪ್ರೀತಿಯ ಅಲ್ಪವಿರಾಮಕ್ಕನಿಗೆ,

ನಮಸ್ಕಾರ. ನಾನೂ ಮಗಳೂ ಇದ್ದೇವೆ. ನೀವೂ ಮೊಮ್ಮಗನೂ ಚೆನ್ನಾಗಿದ್ದೀರೆಂದುಕೊಂಡಿದ್ದೇನೆ. ನಿಮ್ಮ ಪತ್ರಗಳಿಗೆ ಉತ್ತರ ಬರೆಯದೆ ಕೂತಿದ್ದಕ್ಕೆ ಬೈದುಕೊಳ್ಳಬೇಡಿ. ಬರೆಯೋಣವೆಂದರೆ ಕೈ ಏಳುತ್ತಿರಲಿಲ್ಲ, ಅಷ್ಟೇ.

ನೀವು ನಿವೃತ್ತರಾದರೂ ಮುದ್ರಣಾಲಯದಲ್ಲಿ ನಿಮ್ಮ ಅಡ್ಡಹೆಸರು ಹಾಗೇ ಇದೆ. ಎಲ್ಲಾದರೂ ಬೇಡದ ಅಲ್ಪವಿರಾಮ ಕಂಡರೆ "ಅಕ್ಕ ಬಂದು ಹೋಗಿದ್ದಾರೆ" ಎಂದು ನಗುತ್ತಾರೆ. ನಿಮ್ಮ ಕುರ್ಚಿಯಲ್ಲಿ ಈಗ ಹೊಸಬಳೊಬ್ಬಳು. ಅವಳು ಮೂಲಪ್ರತಿಯನ್ನು ಗಟ್ಟಿಯಾಗಿ ಓದುತ್ತಾಳೆ, ನಾನು ಪ್ರೂಫ್ ತಿದ್ದುತ್ತೇನೆ. ಅವಳ ಓದು ರೈಲಿನ ಹಾಗೆ. ನಿಲ್ದಾಣ ಬಂದರೂ ನಿಲ್ಲುವುದಿಲ್ಲ.

ಚಳಿಗಾಲದಲ್ಲಿ ಕೈಗೆ ಬಂದದ್ದು 'ನಮ್ಮ ರಾಜ್ಯದ ಬಗ್ಗೆ ನಿಮಗೆ ಗೊತ್ತಿಲ್ಲದ ಸಂಗತಿಗಳು' ಎಂಬ ಪುಸ್ತಕ. ಶಾಲೆಗಳಿಗೆಲ್ಲ ಹಂಚುವಂಥದ್ದು. ನಿಮಗೆ ಗೊತ್ತಿತ್ತಾ ಅಕ್ಕ, ಒಬ್ಬ ಅರಸನಿಗೆ ಹಲ್ಲುನೋವು ಬಂತೆಂದು ರಾಜಧಾನಿಯೇ ಹಲ್ಲು ಕೀಳುವವನ ಊರಿಗೆ ಹೋಗಿತ್ತಂತೆ! ಅಂಚೆ ಬರುವ ಮೊದಲು ಬಟ್ಟೆ ಒಗೆಯುವ ಹೆಂಗಸರೇ ಗಂಟಿನಲ್ಲಿಟ್ಟು ಕಾಗದ ಮುಟ್ಟಿಸುತ್ತಿದ್ದರಂತೆ. ಗುಡ್ಡದ ಕಡೆಯವರು ಶಿಳ್ಳೆಯಲ್ಲೇ ಜಗಳ ಕೂಡ ಆಡುತ್ತಿದ್ದರಂತೆ. ಅವಳು ಓದುತ್ತಾ ಬಿದ್ದುಬಿದ್ದು ನಕ್ಕಳು. ನಾನೂ ನಕ್ಕೆ ಅನ್ನಿಸುತ್ತದೆ.

ಆಮೇಲೆ ಸೇತುವೆಯ ಸಂಗತಿ ಬಂತು. 'ರಾಜ್ಯದ ಅತಿ ಉದ್ದದ ಸೇತುವೆ ಕಟ್ಟಲು ಕಾರಣ ಒಂದು ದೋಣಿ ದುರಂತ. ಅದರಲ್ಲಿ ಮೂವತ್ತೆಂಟು ಮಂದಿ ಸತ್ತರು.' ಒಂದೇ ಉಸಿರಿಗೆ ಓದಿ ಮುಗಿಸಿದಳು. ನಮ್ಮವರೂ ಆ ದೋಣಿಯಲ್ಲಿದ್ದರೆಂದು ಅವಳಿಗೇನು ಗೊತ್ತು? 'ದುರಂತ'ದಲ್ಲಿ ಸೊನ್ನೆ ಬಿಟ್ಟುಹೋಗಿತ್ತು. ಹಾಕಿದೆ. "ಮುಂದೆ ಓದಮ್ಮ," ಅಂದೆ.

ಮಧ್ಯಾಹ್ನ ಪ್ರೂಫ್ ಹಿಡಿದು ಸಾಹೇಬರ ಹತ್ತಿರ ಹೋದೆ.

"ಸರ್, ಇದು ಮೂವತ್ತೊಂಬತ್ತು ಆಗ್ಬೇಕು."

ಅವರು ಕನ್ನಡಕ ತೆಗೆದಿಟ್ಟರು. ಅವರಿಗೆ ವಿಷಯ ಗೊತ್ತು. "ದೇಹ ಸಿಕ್ಕಿದವರನ್ನ ಮಾತ್ರ ಸತ್ತವರು ಅಂತ ಬರೀತಾರಮ್ಮ. ಐದು ವರ್ಷ ಆದ್ರೂ ನಿಮ್ಮ ಯಜಮಾನರು ಕಾಣೆಯಾದವರೇ. ನಾನೇನ್ ಮಾಡ್ಲಿ?" ಪ್ರೂಫನ್ನು ನನ್ನ ಕಡೆಗೆ ಸರಿಸಿ, "ಬೇಕಾದ್ರೆ 'ಒಬ್ಬರು ಕಾಣೆಯಾದರು' ಅಂತ ಸೇರಿಸಿಬಿಡಿ. ಯಾರಾದ್ರೂ ಕೇಳಿದ್ರೆ ನಾನು ನೋಡ್ಕೋತೀನಿ," ಎಂದರು.

ಪುಟ ನೋಡಿದೆ. ಕೆಳಗೆ ಜಾಗವಿರಲಿಲ್ಲ.

"ಬೇಡ ಸರ್. ಒಂದು ಸಾಲು ಮುಂದಿನ ಪುಟಕ್ಕೆ ಹೋಗುತ್ತೆ. ಆಮೇಲೆ ಎಲ್ಲಾನೂ ಸರಿಸ್ಬೇಕಾಗುತ್ತೆ."

ಸಹಿ ಹಾಕಿ ಕೊಟ್ಟೆ. ಅಚ್ಚಾಯಿತು, ಶಾಲೆಗಳಿಗೂ ಹೋಯಿತು.

ಕೆಲಸಕ್ಕೆ ದಿನಾ ಆ ಸೇತುವೆ ಮೇಲೆಯೇ ಬರುತ್ತೇನೆ. ಮೊದಮೊದಲು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರುತ್ತಿರಲಿಲ್ಲ. ಈಗ ಎಲ್ಲಿ ಸೀಟು ಸಿಕ್ಕರೆ ಅಲ್ಲಿ. ಅಳು ಬರುವುದಿಲ್ಲ ಅಕ್ಕ. ಕಾಲು ಜೋಮು ಹಿಡಿದಾಗ ಚಿವುಟಿ ನೋಡುತ್ತೇವಲ್ಲ, ಹಾಗೆ ಒಮ್ಮೊಮ್ಮೆ ಅವರ ಅಂಗಿ ಹೊರಗೆ ತೆಗೆಯುತ್ತೇನೆ. ಮತ್ತೆ ಮಡಚಿ ಇಡುತ್ತೇನೆ.

ನಿಮ್ಮ ಮಂಡಿ ಹೇಗಿದೆ? ಮೆಟ್ಟಿಲು ಹತ್ತಲು ಹೋಗಬೇಡಿ. ಮೊಮ್ಮಗನಿಗೆ ನನ್ನ ಆಶೀರ್ವಾದ. ಕಾಗುಣಿತ ತಪ್ಪಿದರೂ ಪರವಾಗಿಲ್ಲ, ನೂರು ಕಾಲ ಬಾಳಲಿ. ನಿಮ್ಮ ಆಶೀರ್ವಾದ ನಮ್ಮಿಬ್ಬರ ಮೇಲಿರಲಿ.

ನಿಮ್ಮ ತಂಗಿ

ತಾ.ಕ.: ಹೋದ ವಾರ ಮಗಳ ಶಾಲೆಯಲ್ಲಿ ಆ ಪುಸ್ತಕದಿಂದಲೇ ರಸಪ್ರಶ್ನೆ ಇಟ್ಟಿದ್ದರು. ದೋಣಿ ದುರಂತದಲ್ಲಿ ಸತ್ತವರೆಷ್ಟು ಎಂದು ಕೇಳಿದರಂತೆ. ಇವಳು ಎದ್ದು ನಿಂತು "ಮೂವತ್ತೊಂಬತ್ತು" ಅಂದಳಂತೆ. ಅಪ್ಪ ಇನ್ನು ಬರುವುದಿಲ್ಲವೆಂದು ಮನೆಯಲ್ಲಿ ಒಂದು ದಿನವೂ ಬಾಯಿಬಿಟ್ಟು ಹೇಳದವಳು ಅಷ್ಟು ಜನರ ಮುಂದೆ ಹೇಳಿದ್ದಳು. ತಪ್ಪು ಎಂದು ಕೂರಿಸಿದರು. ಮನೆಗೆ ಬಂದವಳು ಹೆಗಲ ಚೀಲವನ್ನೂ ಇಳಿಸದೆ, "ಅಮ್ಮಾ, ಯಾವ್ದು ಸರಿ?" ಎಂದು ಕೇಳಿದಳು. ನಾನು ಪಾತ್ರೆ ತೊಳೆಯುತ್ತಿದ್ದೆ. "ಪುಸ್ತಕದಲ್ಲಿರೋದೇ ಸರಿ ಕಣೇ," ಅಂದುಬಿಟ್ಟೆ. ಅವತ್ತಿನಿಂದ ಅವಳು ನನ್ನನ್ನು ಏನನ್ನೂ ಕೇಳಿಲ್ಲ.