ಕಾಫಿಪುಡಿ ಡಬ್ಬಿಯ ಕೆಳಗಿನ ಚಿತ್ರ

ಕಾಗದನಗರ, ಭದ್ರಾವತಿ
ಆಗಸ್ಟ್ 2008

ಅಳಿಯ ಶಿವಯೋಗಿಗೆ ಸೋದರಮಾವನ ಆಶೀರ್ವಾದ.

ಗಂಡಸರಿಬ್ಬರು ಪ್ರೀತಿಸಿದರೆ ಜೈಲಿಗೆ ಹಾಕುವ ಕಾನೂನು ಬೇಡವೆಂದು ನೀನೂ ನಿನ್ನ ಗೆಳೆಯರೂ ಚಿತ್ರ ಬಿಡಿಸಿ ಬರೆದ ಕಥೆಯ ಹಾಳೆಯನ್ನು ಶಿವಮೊಗ್ಗ ಬಸ್‌ಸ್ಟ್ಯಾಂಡಿನಲ್ಲಿ ನನಗೂ ಕೊಟ್ಟರು. ನೀನು ಟೀ ಕುಡಿಯಲು ಹೋಗಿದ್ದೆಯಂತೆ. ಹಂಚುತ್ತಿದ್ದ ಹುಡುಗಿಗೆ, "ಇದನ್ನು ಬರೆದವನಿಗೆ ಮೊದಲು ಬಳಪ ಹಿಡಿಸಿದ್ದೇ ನಾನು ಮಾರಾಯ್ತಿ" ಎಂದೆ. ನಂಬಲಿಲ್ಲ. ಕಥೆಯಲ್ಲಿ ಆ ಇಬ್ಬರನ್ನು ಊಟಕ್ಕೆ ಕರೆಯುವ ಮಾವ ನಾನೇ ಎಂದು ಕ್ಷೌರದ ಅಂಗಡಿಯಲ್ಲಿ ಎಲ್ಲರಿಗೂ ತೋರಿಸಿದ್ದೇನೆ. ಮೀಸೆ ಮಾತ್ರ ಸಣ್ಣದಾಯಿತು, ಮುಂದಿನ ಸಲ ಸರಿಮಾಡು.

ಹಾಳೆಯನ್ನು ನಿಮ್ಮ ಮನೆಗೂ ಒಯ್ದೆ. ನಿನ್ನಪ್ಪ ಕೆಳಗಿದ್ದ ನಿನ್ನ ಹೆಸರು ಓದಿ, "ಇವನು ಹಬ್ಬಕ್ಕೂ ಈ ಹೊಸ್ಲು ತುಳಿಯೋದು ಬೇಡ" ಅಂದರು. ಅಕ್ಕ ಹಾಳೆ ತೆಗೆದುಕೊಂಡು ಒಳಗೆ ಹೋದಳು. ಒಲೆಗೆ ಹಾಕಿದಳು ಎಂದುಕೊಂಡೆ.

ನಿನ್ನೆ ಹೋದಾಗ, ಗೌರಿ ಹಬ್ಬಕ್ಕೆಂದು ಅಡುಗೆಮನೆ ಹಲಗೆಗಳಿಗೆಲ್ಲ ಹೊಸ ಪೇಪರ್ ಹಾಸಿದ್ದಳು. ಕಾಫಿಪುಡಿ ಡಬ್ಬಿಯ ಕೆಳಗೆ ನಿನ್ನ ಹಾಳೆ, ಚಿತ್ರ ಮೇಲಾಗಿ. ಬೆಳಿಗ್ಗೆ ಕಾಫಿ ಮಾಡುವವರು ನಿನ್ನಪ್ಪ ತಾನೇ?

"ಇದನ್ನ ಹರಿದು ಹಾಕಲಿಲ್ವಾ ಭಾವ?" ಎಂದು ಕೇಳಿದೆ.

"ಡಬ್ಬಿ ಕೆಳಗೆ ಏನಾದ್ರೂ ಬೇಕಲ್ಲಯ್ಯ" ಅಂದರು.

ಹಬ್ಬಕ್ಕೆ ಬಾ. ನಿನ್ನ ಜೊತೆ ಬಾಳುವ ಆನಂದನನ್ನೂ ಕರೆತಾ. ಮೊದಲು ನಮ್ಮ ಮನೆಗೆ ಬನ್ನಿ, ಅಲ್ಲಿಂದ ನಾನು ಮುಂದೆ ನಡೆಯುತ್ತೇನೆ. ಅಕ್ಕ ಒಂದೇ ಒಂದು ವಿಷಯ ಕೇಳಿ ಬರೆಯಲು ಹೇಳಿದ್ದಾಳೆ: ಆ ಹುಡುಗನಿಗೆ ಹೋಳಿಗೆ ಜೊತೆ ತುಪ್ಪವೋ, ಹಾಲೋ?

ಇಂತಿ,
ದಪ್ಪ ಮೀಸೆಯ ನಿನ್ನ ಮಾವ
ಬಸವಣ್ಯಪ್ಪ