ಅಕ್ಕನ ನಲವತ್ತೊಂದು ಹಾಡು

ಫೆಬ್ರವರಿ 3, 2025. ಬೆಳಿಗ್ಗೆ 6

ಹಾಲು ತಂದೆ. ಲ್ಯಾಪ್‌ಟಾಪ್ ತೆರೆದೆ. ನಿನ್ನೆಯದೇ ಎರರ್.

ಟಿ.ವಿ. ರಿಪೇರಿ ಅಂಗಡಿ ಮುಚ್ಚಿದ ಮೇಲೆ ವಿಡಿಯೋ ನೋಡಿಯೇ ಕಲಿತದ್ದು. ಎರಡು ಆ್ಯಪ್ ಮಾಡಿದ್ದೇನೆ. ‘ಸೋಬಾನೆ’ಯಲ್ಲಿ ಹಾಡು, ಹಾಡಿದವರ ಹೆಸರು. ‘ಕರೆಯೋಲೆ’ಯಲ್ಲಿ ನೆಂಟರ ಹೆಸರು, ನಂಬರ್, ಮದುವೆಗೆ ಒಂದೇ ಸಲ ಎಲ್ಲರಿಗೂ ಮೆಸೇಜ್. ಹೆಸರನ್ನು ಎರಡೆರಡು ಕಡೆ ಬರೆಯುವುದೇಕೆ? ಆದರೆ ಒಂದು ಆ್ಯಪಿನ ಡೇಟಾ ಇನ್ನೊಂದು ಮುಟ್ಟುವಂತಿಲ್ಲ. ನಡುವೆ ನಾವೇ ಪ್ರೊವೈಡರ್ ಎಂಬ ಸೇತುವೆ ಪ್ರೋಗ್ರಾಂ ಒಂದನ್ನು ಬರೆಯಬೇಕು. ಬರೆಯುತ್ತಿದ್ದೇನೆ... ಮೂರು ವಾರದಿಂದ.

“ಅರವತ್ತಾರಕ್ಕೆ ಇದೆಲ್ಲ ಯಾಕ್ರೀ? ಮುಚ್ಚಿ, ತಿಂಡಿಗೆ ಬನ್ನಿ” — ಪ್ರೇಮಮ್ಮ. ಎದ್ದೆ. ಮದುವೆಯಾಗಿ ನಲವತ್ತು ವರ್ಷ, ಎದ್ದೇಳದೆ ವಿಧಿಯಿಲ್ಲ.

ಫೆಬ್ರವರಿ 9

ಮಿರ್ಲೆಗೆ ಹೋಗಿದ್ದೆ. ಅಕ್ಕ ಚಿಕ್ಕಸಿದ್ದಮ್ಮ ಜಗಲಿ ಮೇಲೆ ಕೂತು ನಾಲ್ಕು ಹಾಡು ಹೇಳಿದಳು. ಊರಲ್ಲಿ ಯಾರ ಮನೆ ಮದುವೆಗೂ ಅವಳೇ ಮೊದಲು ಎತ್ತಿಕೊಡುವುದು.

“ಏನ್ಲಾ ಮಾದ, ನಿನ್ ಪೋನ್‌ಗೆ ಇನ್ನೂ ಎಷ್ಟ್ ಹಾಡ್ ತಿನ್ನುಸ್ಬೇಕ್ಲಾ? ಹೊಟ್ಟೆ ತುಂಬಾಕಿಲ್ವಾ ಅದ್ಕೆ?”

“ಇನ್ನೊಂದೇ ಒಂದು, ಅಕ್ಕ.”

“ಪುಟ್ಟಿ ಮದ್ವೆ ದಿಸ ನಾನೇ ಹಾಡ್ತೀನಲ್ಲ. ಅವತ್ತು ಕೇಳ್ಕಬುಡು.”

ಪುಟ್ಟಿ ಅಕ್ಕನ ಕೊನೇ ಮಗಳು. ಮೇ ಹನ್ನೊಂದಕ್ಕೆ ಮದುವೆ. ಒಟ್ಟು ನಲವತ್ತೊಂದು ಹಾಡಾಯಿತು, ಎಲ್ಲವೂ ಅಕ್ಕನ ದನಿಯಲ್ಲೇ.

ಫೆಬ್ರವರಿ 12

ಪ್ರೊವೈಡರ್ ಕೆಲಸ ಮಾಡಿತು! ಓದುವ, ಬರೆಯುವ, ಅಳಿಸುವ ಹಕ್ಕು ಎರಡು ಆ್ಯಪಿಗೂ ಕೊಟ್ಟೆ. ಒಂದು ನಿಯಮವನ್ನೂ ಹಾಕಿದೆ — ಹೆಸರು ತೆಗೆದರೆ ಅದಕ್ಕೆ ಸೇರಿದ್ದೆಲ್ಲ ಹೋಗಬೇಕು. ಕಸ ಉಳಿಯಬಾರದು. ಅಚ್ಚುಕಟ್ಟು ಕೆಲಸ ಎಂದು ನನಗೇ ಅನ್ನಿಸಿತು.

ಮಾರ್ಚ್ 27

ಅಕ್ಕನ ತಿಥಿ ಮುಗಿಯಿತು.

ಬರೆಯುವ ಮನಸ್ಸಿರಲಿಲ್ಲ. ಎದೆ ನೋವು ಅಂದಳಂತೆ. ಕೆ.ಆರ್. ನಗರದ ಆಸ್ಪತ್ರೆ ತಲುಪುವ ಮೊದಲೇ...

ಮದುವೆ ನಿಲ್ಲಿಸುವುದು ಬೇಡ ಎಂದರು ಹಿರಿಯರು. ಬಸ್ಸು ಹತ್ತುವಾಗ ಪುಟ್ಟಿ ಕೈ ಹಿಡಿದುಕೊಂಡಳು. “ಮಾವ, ಅರಿಶ್ಣದ ದಿಸ ಅವ್ವನ್ ಹಾಡ್ ಆಕ್ತೀರಾ? ಎಣ್ಣೆ ಮುಟ್ಸೋವಾಗ ಅವ್ವನ್ ದನಿ ಕೇಳುಸ್ಬೇಕು. ಇನ್ನೇನೂ ಬ್ಯಾಡ ನಂಗೆ.”

ಹಾಕ್ತೀನಿ ಕಣವ್ವ ಅಂದೆ.

ಏಪ್ರಿಲ್ 16

‘ಕರೆಯೋಲೆ’ಯಿಂದ ಎಲ್ಲರಿಗೂ ಮೆಸೇಜ್ ಕಳಿಸಿದೆ. ಪಟ್ಟಿ ನೋಡಬೇಕಿತ್ತು. ನೋಡಲಿಲ್ಲ.

ಹತ್ತು ನಿಮಿಷಕ್ಕೆ ಪುಟ್ಟಿ ಫೋನ್. ಅಕ್ಕನ ಫೋನು ಅವಳ ಹತ್ತಿರವೇ ಇದೆ. “ಮಾವ, ‘ಚಿಕ್ಕಸಿದ್ದಮ್ಮನವರೇ, ಮದುವೆಗೆ ತಪ್ಪದೆ ಬನ್ನಿ’ ಅಂತ ಬಂದದೆ...” ಅಳು. ಅವಳು ಅಷ್ಟು ಹೊತ್ತು ಅತ್ತದ್ದನ್ನು ನಾನು ಕೇಳಿಲ್ಲ.

ಫೋನಿಟ್ಟವನೇ ಪಟ್ಟಿಯಿಂದ ಅಕ್ಕನ ಹೆಸರು ತೆಗೆದೆ. ಇನ್ನೊಂದು ಸಲ ಹೀಗಾಗಬಾರದು ಆ ಮಗುವಿಗೆ.

ಮೇ 2

ಸ್ಪೀಕರಿಗೆ ಹಾಕಲು ಹಾಡುಗಳನ್ನು ಪೆನ್‌ಡ್ರೈವಿಗೆ ತೆಗೆಯೋಣವೆಂದು ‘ಸೋಬಾನೆ’ ತೆರೆದೆ. ಖಾಲಿ.

ಮತ್ತೆ ತೆರೆದೆ. ಖಾಲಿ.

ಹೆಸರು ತೆಗೆದದ್ದು ಆ ಆ್ಯಪಿನಲ್ಲಿ. ಹಾಡು ಹೋದದ್ದು ಈ ಆ್ಯಪಿನಲ್ಲಿ. ನಡುವೆ ನಾನೇ ಬರೆದ ಪ್ರೊವೈಡರ್, ನಾನೇ ಹಾಕಿದ ನಿಯಮ. ಬ್ಯಾಕಪ್ ಇಲ್ಲ. ನಾಳೆ, ನಾಳೆ ಅಂದುಕೊಂಡೇ...

ಮೇ 5

ಹುಣಸೂರು ಬಸ್ ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿ ಕಂಠಪ್ಪನಿಗೆ ಫೋನು ಕೊಟ್ಟು ಮೂರು ದಿನ. ಇವತ್ತು ತಲೆಯಾಡಿಸಿದ. “ಅಣ್ಣ, ಅಳ್ಸಿದ್ ಮ್ಯಾಲೆ ಮದ್ವೆ ಮುಂಚಿನ ಶಾಸ್ತ್ರದ ವಿಡಿಯೋ ಎಲ್ಲಾ ತುಂಬ್ಸಿದೀರ. ಅಳೇದ್ರ ಮ್ಯಾಲೆ ಒಸದು ಕುಂತ್ಬುಟ್ಟದೆ. ಈ ಆ್ಯಪ್ ಯಾರ್ ಮಾಡಿದ್ದು?”

“ನಾನೇ.”

“ಬಲೇ ನೀಟಾಗ್ ಮಾಡಿದೀರ ಕಣಣ್ಣ. ಒಂಚೂರೂ ಉಳ್ಸಿಲ್ಲ.”

ಹೊಗಳಿದ್ದು ಅವನು. ಪಾಪ, ತಿಳಿಯದು.

ಪ್ರೇಮಮ್ಮ ಅಂದದ್ದು ಇಷ್ಟೇ: “ಅರಿಶ್ಣದ ದಿಸ ಎಲ್ರ್ ಮುಂದೆ ತಿಳ್ಯೋದ್ ಬ್ಯಾಡ. ನಾಳೇನೇ ಓಗಿ ಯೋಳ್ಬುಡಿ.”

ಮೇ 6. ಮಿರ್ಲೆ

ಹೇಳಿದೆ. ಎಲ್ಲವನ್ನೂ. ಪುಟ್ಟಿ ಅವರೆಕಾಳು ಆರಿಸುತ್ತಿದ್ದಳು. ಕೈ ನಿಂತಿತು.

“ನಾನ್ ಅತ್ಕಂಡೆ ಅಂತ ತಾನೆ ಮಾವ, ನೀವ್ ಅಳ್ಸಿದ್ದು?”

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಮತ್ತೆ ಕಾಳಿಗೆ ಕೈ ಹಾಕಿ, “ಓಗ್ಲಿ ಬುಡಿ. ಎಣ್ಣೆ ಮುಟ್ಸೋ ಹಾಡ್ ಒಂದ್ನಾದ್ರೂ ಬರ್ಕೊಡಿ ಮಾವ. ಅದ್ನ ಅವ್ವ ಬುಟ್ರೆ ಇಲ್ಯಾರೂ ಪೂರ್ತಿ ಕಲ್ತಿಲ್ಲ. ನೀವು ಅಷ್ಟ್ ದಿಸ ಎದ್ರುಗೇ ಕೂತಿದ್ರಲ್ಲ.”

ಬರೆದು ಕಳಿಸ್ತೀನಿ ಅಂದೆ.

ಮೇ 7. ಬೆಳಿಗ್ಗೆ 9

ಎದುರಿಗೇ ಕೂತಿದ್ದೆ. ನಿಜ. ಕಣ್ಣು ಮಾತ್ರ ಸ್ಕ್ರೀನಿನ ಮೇಲೆ. ದನಿಯ ಗೆರೆ ಏರಿತೇ, ಇಳಿಯಿತೇ, ಗಾಳಿ ಸದ್ದು ಬಂತೇ... ಯಾವ ಹಾಡಿನ ನಡುವೆ ಸ್ಕೂಟರ್ ಹೋಯಿತು, ಯಾವುದರಲ್ಲಿ ಕೋಳಿ ಕೂಗಿತು, ಹೇಳಬಲ್ಲೆ. ನಿಲ್ಲಿಸು ಅಂದರೆ ನಿಲ್ಲಿಸಿ ಮೊದಲಿಂದ ಹೇಳುತ್ತಿದ್ದಳು. ಒಂದು ಸಲವೂ ಬೇಸರ ಮಾಡಿಕೊಂಡವಳಲ್ಲ.

ಎಣ್ಣೆ ಮುಟ್ಟಿಸುವ ಹಾಡು. ಮೊದಲ ಸಾಲು ಬಂತು —

ಬಾರವ್ವ ಮಗಳೆ ಹಸೆಮಣೆಗೆ, ಬಿಸಿಲು ಇಳಿಯೋ ಹೊತ್ತಾಯ್ತು

ಇಲ್ಲಿ ಅಕ್ಕ ಉಸಿರು ಎಳೆದುಕೊಳ್ಳುತ್ತಿದ್ದಳು. ಅದು ಕೇಳಿಸುತ್ತದೆ. ಆಮೇಲಿನ ಸಾಲು...